ಎಡ ಅಂಚಿನ ಆಟ

ಕನ್ನಡಕದ ಅಂಗಡಿಯಲ್ಲಿ ಕಣ್ಣಿಗೆ ಗಾಳಿ ಊದುವ ಯಂತ್ರದ ಮುಂದೆ ಗಲ್ಲವಿಟ್ಟು ಕುಳಿತಿದ್ದ ಹೆಂಗಸು ಬೆಚ್ಚಿಬಿದ್ದು ಹಿಂದಕ್ಕೆ ಸರಿದಳು. “ಅಯ್ಯೋ ದೇವರೇ, ಮೊದಲೇ ಹೇಳಬಾರದಾ?” ಎಂದು ಕಣ್ಣೊರೆಸಿಕೊಂಡಳು. ಅಂಗಡಿಯವನು ಹೇಳಿದ್ದ. ಸಣ್ಣಗೆ ಗಾಳಿ ಬರುತ್ತದೆ, ನೋವಾಗುವುದಿಲ್ಲ, ಎದುರಿನ ಹಸಿರು ದೀಪವನ್ನೇ ನೋಡುತ್ತಿರಿ ಎಂದು ಎಲ್ಲರಿಗೂ ಹೇಳುವಂತೆ ಅವಳಿಗೂ ಹೇಳಿದ್ದ. “ಇನ್ನೊಂದು ಕಣ್ಣು ಉಳಿದಿದೆ” ಎಂದ. “ನಾನು ಬಂದಿದ್ದು ಸ್ಕ್ರೂ ಬಿಗಿ ಮಾಡಿಸೋಕೆ ಕಣ್ರೀ. ಕನ್ನಡಕದ ಕಡ್ಡಿ ಅಲ್ಲಾಡ್ತಿತ್ತು, ಅಷ್ಟೇ. ನನ್ನ ಕಣ್ಣು ಚೆನ್ನಾಗೇ ಇದೆ.” “ಎಲ್ಲರೂ ಹಾಗೇ ಅಂದ್ಕೊಂಡಿರ್ತಾರೆ” ಎಂದು ಅವನು ಹೇಳಿದ ಧ್ವನಿಯಲ್ಲಿ ಏನೋ ಇದ್ದಿರಬೇಕು. ಅವಳು ಒಂದು ಕ್ಷಣ ಅವನ ಮುಖವನ್ನೇ ನೋಡಿ, ತಲೆಕೆಟ್ಟವರು ಹೇಳಿದಂತೆ ನಡೆದು ಬೇಗ ಪಾರಾಗೋಣ ಎಂದುಕೊಂಡವಳ ಹಾಗೆ ಮತ್ತೆ ಗಲ್ಲವನ್ನು ಪಟ್ಟಿಯ ಮೇಲಿಟ್ಟಳು. ಎರಡೂ ಕಣ್ಣಿನ ಒತ್ತಡ ಸರಿಯಾಗಿತ್ತು. ಅದರಿಂದ ಅವನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಏನೋ ಕೈತಪ್ಪಿ ಹೋದಂತೆನಿಸಿತು. ಅಣ್ಣನ ಕಣ್ಣಿನ ಸುದ್ದಿ ತಿಳಿದಂದಿನಿಂದ ಅಂಗಡಿಯ ಬಾಗಿಲು ದಾಟಿದವರನ್ನೆಲ್ಲ, ಬರಿ ಫ್ರೇಮು ನೋಡಲು ಬಂದವರನ್ನೂ, ಯಾವುದೋ ವಿಳಾಸ ಕೇಳಲು ಬಂದ ಮುದುಕನೊಬ್ಬನನ್ನೂ ಆ ಸ್ಟೂಲಿನ ಮೇಲೆ ಕೂರಿಸಿದ್ದ. ಯಾರದಾದರೂ ಕಣ್ಣಿನಲ್ಲಿ ಅದು ಸಿಕ್ಕಿಬಿಟ್ಟರೆ, ಹೊತ್ತು ಮೀರುವ ಮೊದಲೇ ಸಿಕ್ಕಿಬಿಟ್ಟರೆ, ಎಲ್ಲೋ ಏನೋ ಸರಿಹೋಗುತ್ತದೆ ಎಂದು ತಾನು ನಂಬಿಕೊಂಡಿರುವುದು ಆ ಹೆಂಗಸು ಬಾಗಿಲು ತಳ್ಳಿಕೊಂಡು ಹೊರಗೆ ಹೋದ ಮೇಲೆ ಅವನಿಗೆ ಹೊಳೆದು ತನ್ನ ಬಗ್ಗೆಯೇ ಹೇಸಿಗೆಯಾಯಿತು. ಕಂಡವರ ಕಣ್ಣು ಕೆಟ್ಟಿರಲಿ ಎಂದು ಕಾದು ಕೂತಿರುವವನು.

ಅವತ್ತು ಅರ್ಧ ದಿನದ ಅಂಗಡಿ. ಷಟರು ಎಳೆಯಲು ಕೋಲು ಕೈಗೆ ತೆಗೆದುಕೊಂಡಾಗ ಫೋನು ಬಂತು. “ಲೋ ದುರ್ಬೀನು, ಮುಚ್ಚಿದ್ಯಾ ಅಂಗಡಿ?” ಚಿಕ್ಕಂದಿನಲ್ಲಿ ಅವನ ಮೂಗಿನ ಮೇಲೆ ದಪ್ಪ ಗಾಜಿನ ಕನ್ನಡಕ ಬಂದ ದಿನವೇ ಅಣ್ಣ ಇಟ್ಟ ಹೆಸರು ಅದು, ಬೇರೆ ಯಾರೂ ಹಾಗೆ ಕರೆಯುವುದಿಲ್ಲ. “ಇಲ್ಲೇ ಬಾ. ಇಲ್ಲೇ ಊಟ ಮಾಡು. ಆಟ ಆಡಿ ಎಷ್ಟು ದಿನ ಆಯ್ತು.” “ಈಗ ಆಟ ಯಾಕಣ್ಣ...” “ಯಾಕೆ? ಡಾಕ್ಟ್ರು ಬಿಸಿಲಲ್ಲಿ ತಿರುಗಬೇಡ ಅಂದ್ರು, ಭಾರ ಎತ್ತಬೇಡ ಅಂದ್ರು. ಚೆಂಡು ಒದೀಬೇಡ ಅಂತ ಹೇಳಲಿಲ್ಲ. ಹೆದರಿಕೆನಾ ನಿಂಗೆ?” ಹೆದರಿಕೆಯೇ ಆಗಿತ್ತು. ಆಸ್ಪತ್ರೆಯಿಂದ ಅಣ್ಣ ಮನೆಗೆ ಬಂದ ಮೇಲೆ ಅವನು ಹೋದದ್ದು ಒಂದೇ ಸಲ, ಅದೂ ಬಾಗಿಲಲ್ಲೇ ನಿಂತು ಹಣ್ಣಿನ ಚೀಲ ಕೊಟ್ಟು, ಅಂಗಡಿಯಲ್ಲಿ ಜನ ಕಾಯುತ್ತಿದ್ದಾರೆಂದು ಸುಳ್ಳು ಹೇಳಿ ಓಡಿಬಂದಿದ್ದ. “ಬರ್ತೀನಿ” ಎಂದ.

ಅವನು ಕಾಲೇಜಿನಲ್ಲಿ ಓದಿದ್ದು ಭೌತಶಾಸ್ತ್ರ, ಆಮೇಲೆ ಕಣ್ಣಿನ ಪರೀಕ್ಷೆಯ ತರಬೇತಿ. ಗೊತ್ತಿರಲಿಲ್ಲವೆಂದು ಹೇಳಲು ಅವನಿಗೆ ದಾರಿಯೇ ಇರಲಿಲ್ಲ. ಕಣ್ಣಿನೊಳಗಿನ ದ್ರವದ ಒತ್ತಡ ಏರುತ್ತದೆ, ಹಿಂದಿನ ನರ ಎಳೆ ಎಳೆಯಾಗಿ ಸಾಯುತ್ತದೆ. ನೋವಿಲ್ಲ, ಕಣ್ಣು ಕೆಂಪಾಗುವುದಿಲ್ಲ. ನೋಟ ಅಂಚಿನಿಂದ ಸವೆಯುತ್ತ ಬರುತ್ತದೆ, ನಡುವಿನದು ಕೊನೆಯವರೆಗೂ ಚೊಕ್ಕವಾಗಿರುತ್ತದೆ. ಇಂಥವರು ಅಕ್ಷರದ ಹಲಗೆಯ ಕೊನೆಯ ಸಾಲನ್ನು ಸಲೀಸಾಗಿ ಓದಿಬಿಡುತ್ತಾರೆ. ಕಾಣದ ಜಾಗ ಕಪ್ಪಗೂ ಇರುವುದಿಲ್ಲ. ಮಿದುಳು ಅಕ್ಕಪಕ್ಕದ ಬಣ್ಣ ತಂದು ಅಲ್ಲಿಗೆ ತೇಪೆ ಹಾಕಿ, ಇಲ್ಲಿ ಎಲ್ಲವೂ ಇದೆ ಎಂದು ನಂಬಿಸುತ್ತದೆ. ಆದ್ದರಿಂದಲೇ ಒತ್ತಡ ಅಳೆಯಬೇಕು, ಪಕ್ಕದಲ್ಲಿ ಬೆರಳು ಆಡಿಸಿ ಎಲ್ಲಿಂದ ಕಾಣುತ್ತದೆಂದು ಕೇಳಬೇಕು. ಪರೀಕ್ಷೆಗೆಂದು ಬಂದ ಅಪರಿಚಿತರಿಗೆಲ್ಲ ಅವನು ಇದನ್ನು ಒಂದೂ ಬಿಡದೆ ಮಾಡಿದ್ದ. ಅಣ್ಣ ಮಾತ್ರ ಅಂಗಡಿ ಮುಚ್ಚುವ ಹೊತ್ತಿಗೆ, ಹೋಟೆಲಿನ ಅಡುಗೆಮನೆಯ ಎಣ್ಣೆಯ ವಾಸನೆಯನ್ನು ಮೈಮೇಲೆ ಹೊತ್ತುಕೊಂಡು, ಕಾಗದದ ಪೊಟ್ಟಣದಲ್ಲಿ ಬಿಸಿಬಿಸಿ ತಿಂಡಿ ಹಿಡಿದುಕೊಂಡು ಬರುತ್ತಿದ್ದ. ಮೊದಲ ಸಲ ಗಾಳಿ ಊದಿದಾಗ ಹೌಹಾರಿ ಸ್ಟೂಲಿನಿಂದ ಜಾರಿ, “ಕಣ್ಣಿಗೆ ಊದೋದಾದ್ರೆ ಹೆಂಡತಿ ಊದಬೇಕು ಕಣೋ, ಇದೇನಿದು ಮಷೀನು!” ಎಂದಿದ್ದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಯಂತ್ರದಲ್ಲಿ ಅಂಕಿ ಬಂದಿರಲಿಲ್ಲ. ಇನ್ನೊಮ್ಮೆ ನೋಡೋಣವೆಂದು ಅವನು ಹೇಳಲಿಲ್ಲ. ಆ ಸಲವೂ ಇಲ್ಲ, ಮುಂದಿನ ವರ್ಷಗಳಲ್ಲೂ ಇಲ್ಲ. ಅಣ್ಣ ಕೊನೆಯ ಸಾಲನ್ನು ಗಟ್ಟಿಯಾಗಿ, ಮಕ್ಕಳು ಪಾಠ ಒಪ್ಪಿಸುವ ರಾಗದಲ್ಲಿ ಓದುತ್ತಿದ್ದ, ಇವನು ಗಾಜಿನ ಪವರನ್ನು ಒಂದು ಹಂತ ಏರಿಸುತ್ತಿದ್ದ, ತಿಂಡಿ ಆರುವ ಮೊದಲು ಪೊಟ್ಟಣ ಬಿಚ್ಚುತ್ತಿದ್ದರು. ಪ್ರೀತಿಯಿಂದಾಗಿಯೇ ಹೀಗಾಯಿತೆಂದು ಒಂದೆರಡು ಸಲ ತನಗೆ ತಾನೇ ಹೇಳಿಕೊಂಡು ನೋಡಿದ್ದ. ಆ ಮಾತು ಅವನ ಬಾಯಲ್ಲಿ ನಿಲ್ಲಲಿಲ್ಲ. ಪ್ರೀತಿಯಲ್ಲ, ಸಲಿಗೆ. ಸಲಿಗೆ ಎಂದರೆ ಒಬ್ಬ ಮನುಷ್ಯನನ್ನು ನೋಡುವುದನ್ನು ನಿಲ್ಲಿಸಲು ಸಿಗುವ ಅನುಮತಿ.

ಅಣ್ಣನ ಮನೆ ಮೂರನೆಯ ಮಹಡಿಯಲ್ಲಿ. ಮೆಟ್ಟಿಲು ಹತ್ತುತ್ತ ಅವನು ಎದುರಿನ ಗೋಡೆಯ ಮೇಲೆ ದೃಷ್ಟಿ ನೆಟ್ಟು, ಪಕ್ಕದಲ್ಲಿ ಸರಿಯುವ ಕಂಬಿಗಳು ತನಗೆ ಎಲ್ಲಿಯವರೆಗೆ ಕಾಣುತ್ತವೆಂದು ನೋಡಿದ. ಇದು ಈಚಿನ ಚಟ. ಈ ಮೆಟ್ಟಿಲುಗಳ ಮೇಲೆಯೇ ಅವನು ಅಣ್ಣನಿಗೆ ಬುದ್ಧಿ ಹೇಳಿದ್ದು. ಹೋಟೆಲಿನಲ್ಲಿ ಅಣ್ಣ ಒಬ್ಬ ಸಪ್ಲೈಯರನಿಗೆ ಡಿಕ್ಕಿ ಹೊಡೆದು ತಟ್ಟೆಗಳ ರಾಶಿಯನ್ನೇ ಬೀಳಿಸಿದ್ದ. ಇನ್ನೊಂದು ದಿನ ಒಲೆಯ ಪಕ್ಕ ನಿಂತಿದ್ದ ಸಹಾಯಕನ ಕಾಲ ಮೇಲೆ ಕುದಿಯುವ ನೀರು ಚೆಲ್ಲಿದ್ದ. ಕುಡಿದು ಬರುತ್ತಾನೆಂದು ಮಾತು ಹಬ್ಬಿತು. ಮ್ಯಾನೇಜರು ಎಲ್ಲರೆದುರಿಗೆ ಬಾಯಿ ಮೂಸಿ ನೋಡಿದನಂತೆ. ಆ ಸಂಜೆ ಇವನು ಅಣ್ಣನನ್ನು ಇಲ್ಲಿ, ಎರಡನೆಯ ಮಹಡಿಯ ತಿರುವಿನಲ್ಲಿ ತಡೆದು, ಏನೋ ಗುಟ್ಟು ಹೇಳುವವನಂತೆ ಹತ್ತಿರ ಹೋಗಿ, ತಾನೂ ಉಸಿರು ಎಳೆದುಕೊಂಡು ನೋಡಿದ್ದ. ಈರುಳ್ಳಿಯ ವಾಸನೆ ಮಾತ್ರ ಬಂತು. ಆದರೂ “ಈ ವಯಸ್ಸಲ್ಲಿ ಇದೆಲ್ಲ ಬೇಕಾ ಅಣ್ಣ, ಅತ್ತಿಗೆ ಮುಖ ನೋಡು” ಎಂದಿದ್ದ. ಅಣ್ಣ ಯಾರೋ ತನ್ನ ಜೇಬಿಗೆ ಕೈಹಾಕಿದ್ದನ್ನು ಕಂಡೂ ಸುಮ್ಮನಿದ್ದವನಂತೆ ನಿಂತಿದ್ದ. ಆಮೇಲೆ ಮೆಟ್ಟಿಲು ಹತ್ತುವಾಗ ಎಡಗಡೆಯ ಕಂಬಿಗೆ ಅವನ ಮೊಣಕೈ ತಗುಲಿದ ಸದ್ದು, ಟಣ್ ಎಂದು, ಇಡೀ ಕಟ್ಟಡದಲ್ಲಿ ಕೇಳಿಸಿತ್ತು. ಕೇಳಿಸಿಕೊಂಡು ಇವನು ಮನಸ್ಸಿನಲ್ಲಿ ‘ನೋಡು, ತೂರಾಡುತ್ತಿದ್ದಾನೆ’ ಎಂದುಕೊಂಡಿದ್ದ.

ಅತ್ತಿಗೆ ಬಾಗಿಲು ತೆಗೆದರು. “ಬಾ ಬಾ. ನೀನು ಬರ್ತೀಯ ಅಂತ ಬೆಳಗ್ಗೆಯಿಂದ ಕುರ್ಚಿಗಳನ್ನೆಲ್ಲ ಗೋಡೆಗೆ ತಳ್ಳಿಸಿದ್ದಾರೆ. ಮನೆ ಹೋಗಿ ಮೈದಾನ ಆಗಿದೆ.” ಮೇಜಿನ ನಾಲ್ಕೂ ಮೂಲೆಗೆ ಹಳೆಯ ಬಟ್ಟೆ ಸುತ್ತಿ ದಾರ ಕಟ್ಟಿದ್ದರು. ಕಪಾಟಿನ ಬಾಗಿಲು ಅರೆತೆರೆದಿರಬಾರದೆಂದು ರಬ್ಬರ್ ಬ್ಯಾಂಡು. ಅಣ್ಣ ಸ್ನಾನಕ್ಕೆ ಹೋಗಿದ್ದ. ಒಳಗಿನಿಂದ ನೀರಿನ ಸದ್ದು, ನಡುನಡುವೆ ಚೆಂಬು ಬಿದ್ದ ಸದ್ದು. ಚೆಂಬು ಬಿದ್ದಾಗಲೆಲ್ಲ ಅತ್ತಿಗೆಯ ಕೈ ಒಂದು ಕ್ಷಣ ನಿಂತು ಮತ್ತೆ ತರಕಾರಿ ಹೆಚ್ಚುತ್ತಿತ್ತು. “ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ” ಎಂದರು. “ನಿಮ್ಮಿಬ್ಬರಿಗೂ ಏನಾದ್ರೂ ಮಾತಿಗೆ ಮಾತು ಬಂದಿತ್ತಾ?” “ಇಲ್ವಲ್ಲ ಅತ್ತಿಗೆ, ಯಾಕೆ?” “ಮತ್ತೆ ಆಸ್ಪತ್ರೇಲಿ ಆ ಡಾಕ್ಟ್ರು, ಇಷ್ಟು ವರ್ಷ ನಿಮ್ಮ ಕಣ್ಣು ಯಾರ್ರೀ ನೋಡ್ತಿದ್ದಿದ್ದು ಅಂತ ಕೇಳಿದ್ರೆ, ಯಾರೂ ಇಲ್ಲ ಸಾರ್, ಫುಟ್‌ಪಾತಲ್ಲಿ ತಗೊಂಡ ಕನ್ನಡಕ ಅಂತಾರೆ! ನಾನು ಬಾಯಿ ತೆಗೆಯೋಷ್ಟರಲ್ಲಿ ಮೇಜಿನ ಕೆಳಗೆ ಕಾಲು ತುಳಿದ್ರು. ಹೆಬ್ಬೆರಳು ಇನ್ನೂ ನೋಯುತ್ತೆ. ಸ್ವಂತ ತಮ್ಮ ಓದಿ, ಅಂಗಡಿ ಇಟ್ಕೊಂಡಿದ್ದಾನೆ ಅಂತ ಹೇಳ್ಕೊಳ್ಳೋಕೆ ಏನು ದಾಡಿ? ಡಾಕ್ಟ್ರು ಬೈದ್ರು ನೋಡು, ಇಷ್ಟು ದೊಡ್ಡ ಮನುಷ್ಯನ್ನ, ಅಲ್ಲಿದ್ದ ಹುಡುಗೀರ ಎದುರಿಗೆ. ನಿಮ್ಮಂಥವರು ಬೀದೀಲಿ ಕನ್ನಡಕ ತಗೊಂಡು ಕಣ್ಣು ಕಳ್ಕೊಂಡು ಆಮೇಲೆ ಬಂದು ಅಳ್ತೀರ ಅಂತ. ಸುಮ್ನೆ ತಲೆ ತಗ್ಗಿಸಿ ಬೈಸ್ಕೊಂಡ್ರು.” ಅವನ ಕೈಯಲ್ಲಿ ನೀರಿನ ಲೋಟವಿತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. “ನಿನ್ನ ಮೇಲೆ ಏನೋ ಸಿಟ್ಟಿರಬೇಕು ಅಂದ್ಕೊಂಡೆ” ಎಂದರು ಅತ್ತಿಗೆ, “ಇದ್ರೆ ಹೇಳಿಬಿಡು. ಅವರಂತೂ ಹೇಳಲ್ಲ. ಆಮೇಲೆ, ಒಡಹುಟ್ಟಿದವರು ನೋಡಿಸ್ಕೋಬೇಕಂತೆ. ನೀನು ನೋಡಿಸ್ಕೊಂಡ್ಯಾ?” “ಹೂಂ” ಎಂದ. ನೋಡಿಸಿಕೊಂಡಿರಲಿಲ್ಲ. ಊರಿನವರನ್ನೆಲ್ಲ ಕೂರಿಸಿದ ಆ ಸ್ಟೂಲಿನ ಮೇಲೆ ತಾನು ಕೂರುವ ಯೋಚನೆ ಬಂದಾಗಲೆಲ್ಲ, ತನ್ನ ಕಣ್ಣು ಚೆನ್ನಾಗಿದ್ದರೆ ಏನು ಗತಿ ಎಂದು ಹೆದರಿ ಮುಂದೂಡಿದ್ದ.

ಹಾಗಾದರೆ ತಪ್ಪು ಯಾರದೆಂದು ಅಣ್ಣನಿಗೆ ಗೊತ್ತು. ಒಂದು ಸಮಾಧಾನವನ್ನು ಅವನು ಇಷ್ಟು ದಿನ ಮನಸ್ಸಿನ ಮೂಲೆಯಲ್ಲಿ ಬಚ್ಚಿಟ್ಟುಕೊಂಡಿದ್ದ: ಅಣ್ಣ ಓದಿದವನಲ್ಲ, ಕಣ್ಣಿನ ವಿಚಾರ ಅವನಿಗೇನು ತಿಳಿದೀತು, ಅದೃಷ್ಟ ಕೆಟ್ಟಿತ್ತೆಂದುಕೊಂಡಿರುತ್ತಾನೆ. ತಿಳಿದೂ ಸುಮ್ಮನಿದ್ದಾನೆ ಎಂದ ಮೇಲೆ ಅವನೆದುರು ಕೂರುವುದು ಹೇಗೆ? ಬಯ್ದಿದ್ದರೆ ಕೂರಬಹುದಿತ್ತು. ಈಗ ಹೋಗಿ ಕಾಲು ಹಿಡಿದುಕೊಂಡರೆ ಅಣ್ಣ ಮೇಜಿನ ಕೆಳಗೆ ತುಳಿದು ಮುಚ್ಚಿದ್ದನ್ನು ಎತ್ತಿ ಅತ್ತಿಗೆಯ ಮುಂದೆ ಇಟ್ಟಂತೆ. ಹಿಡಿದುಕೊಳ್ಳದಿದ್ದರೆ ಜೀವಮಾನವೆಲ್ಲ ಅವನು ಕೊಟ್ಟ ಬಾಯಿಮುಚ್ಚಿದ ಕ್ಷಮೆಯನ್ನು ತಿಂದುಕೊಂಡು ಇರಬೇಕು. ಎರಡರಲ್ಲಿ ಒಂದನ್ನು ಇವತ್ತು ಮಾಡಲೇಬೇಕೆಂದುಕೊಂಡ. ಅಷ್ಟರಲ್ಲಿ ಬಚ್ಚಲಿನ ಬಾಗಿಲು ತೆರೆಯಿತು.

ಅಣ್ಣ ತಲೆಯೊರೆಸಿಕೊಳ್ಳುತ್ತ ಬಂದ. ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಿಕೊಂಡು ನಡೆಯುವುದನ್ನು ಕಲಿತಿದ್ದ. ನೋಡಿದವರಿಗೆ ಯಾವುದೋ ಸದ್ದಿಗೆ ಕಿವಿಗೊಟ್ಟವನಂತೆ ಕಾಣುತ್ತಿತ್ತು. “ಎಲ್ಲಿದ್ದೀಯೋ?” “ಇಲ್ಲೇ.” “ಇಲ್ಲೇ ಅಂದ್ರೆ? ಓ, ಅಲ್ಲಿ. ಸಣ್ಣಗಾಗಿದ್ದೀಯ. ಹೆಂಡತಿ ಅನ್ನ ಹಾಕ್ತಿಲ್ವಾ, ಇಲ್ಲ ಅವಳ ಮುಖ ನೋಡಿದ್ರೆ ಹಸಿವಾಗಲ್ವಾ?” ಹಳೆಯ ಮಾತಿನ ಹಳೆಯ ಧಾಟಿ. ಟಿವಿಯ ಮುಂದೆ ಚಾಪೆ ಹಾಕಿತ್ತು, ಬಹಳ ಹತ್ತಿರ, ಮೊದಲಿನಿಂದಲೂ ಅಷ್ಟೇ ಹತ್ತಿರ ಕೂತು ಆಡುವುದು ಅಭ್ಯಾಸ. ವಿಡಿಯೋ ಗೇಮಿನ ಕಂಟ್ರೋಲರಿನ ವೈರು ಗಿಡ್ಡ. ಅವನು ಅಣ್ಣನ ಎಡಗಡೆ ಹೋಗಿ ಕುಳಿತ. ವೈರು ಈ ಕಡೆಗೆ ಚೆನ್ನಾಗಿ ಬರುತ್ತದೆಂದು ತಾನಾಗಿಯೇ ಕಾರಣ ಹೇಳಿದ. ಅಲ್ಲಿ ಕೂತರೆ ತನ್ನ ಮುಖ ಅಣ್ಣನಿಗೆ ಕಾಣುವುದಿಲ್ಲ ಎಂಬುದು ಕುಳಿತ ಮೇಲೆಯೇ ಹೊಳೆದದ್ದು ಎಂದು ತನಗೆ ತಾನು ಹೇಳಿಕೊಂಡ; ಅದನ್ನೂ ನಂಬಲಾಗಲಿಲ್ಲ.

ಆಟ ತೀರ ಹಳೆಯದು. ಮೈದಾನವನ್ನು ಮೇಲಿನಿಂದ ನೋಡಿದಂತೆ ಕಾಣುತ್ತದೆ. ಒಂದು ಗೋಲು ಪರದೆಯ ಮೇಲ್ತುದಿಯಲ್ಲಿ, ಇನ್ನೊಂದು ಕೆಳತುದಿಯಲ್ಲಿ. ಎಡ ಬಲದ ಗೆರೆಗಳು ಪರದೆಯ ಎರಡು ಅಂಚಿಗೆ ಅಂಟಿಕೊಂಡಿರುತ್ತವೆ. ಅವರಿಬ್ಬರಿಗೂ ಮದುವೆಯಾಗುವ ಮೊದಲು, ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ಕಾಲದಲ್ಲಿ, ಅಣ್ಣ ತನ್ನ ಮೊದಲ ಕೆಲಸದ ಮೊದಲ ವರ್ಷದಲ್ಲಿ ತಂದದ್ದು. ಆಟಗಾರರಿಗೆಲ್ಲ ಅಡ್ಡಹೆಸರು ಇಟ್ಟದ್ದೂ ಅಣ್ಣನೇ: ಓಡುವ ಕುಳ್ಳ ಇಲಿ, ಗೋಲಿನಲ್ಲಿ ನಿಲ್ಲುವವನು ಮಾವ, ಯಾವಾಗಲೂ ಬೀಳುವವನು ಗುಮಾಸ್ತ. ಆಗೆಲ್ಲ ಅಣ್ಣನೇ ಗೆಲ್ಲುತ್ತಿದ್ದ, ಗೆದ್ದು ಹಾಸಿಗೆಯ ಮೇಲೆ ಕುಣಿಯುತ್ತಿದ್ದ. ಇವನು ಸೋಲನ್ನು ಅಧ್ಯಯನ ಮಾಡತೊಡಗಿದ. ಯಾರ ವೇಗ ಎಷ್ಟು, ಯಾವ ಕೋನದಿಂದ ಒದ್ದರೆ ಚೆಂಡು ಒಳಗೆ ಹೋಗುತ್ತದೆ, ಗುಂಡಿಯನ್ನು ಎಷ್ಟು ಹೊತ್ತು ಒತ್ತಬೇಕು. ಎಲ್ಲವನ್ನೂ ತಿಳಿದುಕೊಂಡ ಮೇಲೂ ಸೋತ. ಕೊನೆಗೆ ಆಟವೇ ಒಣಗಿಹೋಯಿತು. ಪರದೆಯ ಮೇಲೆ ಓಡುವ ಚುಕ್ಕಿಗಳು ಕಾಣುತ್ತಿದ್ದವೇ ಹೊರತು ಇಲಿಯಾಗಲಿ ಮಾವನಾಗಲಿ ಕಾಣುತ್ತಿರಲಿಲ್ಲ. ಪರೀಕ್ಷೆಯ ನೆಪ ಹೇಳಿ ಬಿಟ್ಟುಬಿಟ್ಟ. ಕಳೆದ ವರ್ಷ ಅತ್ತಿಗೆ ಅಟ್ಟ ಗುಡಿಸುವಾಗ ಪೆಟ್ಟಿಗೆ ಸಿಕ್ಕಿತು. ತಮಾಷೆಗೆಂದು ಹಾಕಿದರು, ಕೆಲಸ ಮಾಡಿತು. ಆ ಮಧ್ಯಾಹ್ನ ಅವನು ಗೆದ್ದ. ಮುಂದಿನ ರಜೆಯಲ್ಲೂ ಗೆದ್ದ. ಎಡ ಅಂಚಿಗೆ ಉದ್ದನೆಯ ಪಾಸು, ಗೆರೆಯನ್ನೇ ಹಿಡಿದು ಇಲಿಯ ಓಟ, ಒಳಕ್ಕೆ ತಿರುಗಿ ಒಂದು ಒದೆ. ಅಣ್ಣನ ರಕ್ಷಕರು ಮರದ ಗೊಂಬೆಗಳಂತೆ ನಿಂತಿರುತ್ತಿದ್ದರು. “ಎಲ್ಲಿಂದ ಬಂದ್ನೋ ಬಡ್ಡೀಮಗ!” ಎಂದು ಅಣ್ಣ ಕೂಗುತ್ತಿದ್ದ. ಇವನು ಚಾಪೆಯ ಮೇಲೆ ಹೊರಳಾಡಿ ನಗುತ್ತಿದ್ದ. ನಲವತ್ತು ದಾಟಿದ ಮೇಲೆ ತನ್ನೊಳಗೆ ಇಂಥ ನಗು ಉಳಿದಿದೆಯೆಂದು ಅವನಿಗೇ ಗೊತ್ತಿರಲಿಲ್ಲ. ವಾರವಿಡೀ ಗಾಜು ಉಜ್ಜುತ್ತ, ಫ್ರೇಮು ಬಗ್ಗಿಸುತ್ತ, ಹೆಬ್ಬೆರಳು ತಾನಾಗಿಯೇ ಆಡುತ್ತಿತ್ತು. ಹೆಂಡತಿ ಕೂಡ ಕೇಳಿದಳು, ಏನು ಈಗೀಗ ಶಿಳ್ಳೆ ಹಾಕ್ತೀರ ಎಂದು.

ಒಂದು ವಿಷಯವನ್ನು ಅವನು ಆಗಲೇ ಗಮನಿಸಿದ್ದ. ಅರ್ಧ ಆಟವಾದ ಮೇಲೆ ತಂಡಗಳು ದಿಕ್ಕು ಬದಲಿಸುತ್ತವೆ, ಇಲಿ ಪರದೆಯ ಬಲಕ್ಕೆ ಹೋಗುತ್ತಾನೆ. ಆಗ ಗೋಲುಗಳು ಇಲಿಯಿಂದ ಬರುತ್ತಿರಲಿಲ್ಲ. ಎಡ ಅಂಚಿಗೆ ಬಂದ ಇನ್ನೊಬ್ಬನಿಂದ, ಆ ಕಡೆಗೆ ಬಂದದ್ದಕ್ಕೇ ಹುಲಿಯಾದ ಗುಮಾಸ್ತನಿಂದ ಬರುತ್ತಿದ್ದವು. ಆಟಗಾರ ಯಾರಾದರೂ ಇರಲಿ, ದಿಕ್ಕು ಯಾವುದಾದರೂ ಇರಲಿ, ಬದಲಾಗದೆ ಉಳಿದದ್ದು ಪರದೆಯ ಎಡಗಡೆ ಮಾತ್ರ. ಪ್ರಯೋಗಶಾಲೆಯಲ್ಲಿ ಯಾವ ಹುಡುಗನಾದರೂ ಇಷ್ಟನ್ನು ನೋಡಿದರೆ ದೋಷ ಎಲ್ಲಿದೆಯೆಂದು ಹೇಳಿಬಿಡುತ್ತಿದ್ದ. ಅವನು ನೋಡಿದ್ದ, ಯೋಚಿಸಿಯೂ ಇದ್ದ, ಅಣ್ಣನ ಎಡ ಹೆಬ್ಬೆರಳು ನಿಧಾನವಾಗಿದೆ ಎಂದು ತೀರ್ಮಾನಿಸಿ ಆ ಕಡೆಯಿಂದಲೇ ಇನ್ನಷ್ಟು ನುಗ್ಗಿದ್ದ. ಅಣ್ಣನ ಎಡಗಣ್ಣು ಹೆಚ್ಚು ಕೆಟ್ಟಿದೆ, ಬಲಗಣ್ಣಿನಲ್ಲೂ ಮೂಗಿನ ಕಡೆಯ, ಅಂದರೆ ಎಡಗಡೆಯ, ನೋಟ ಹೋಗಿದೆ ಎಂದು ಫೋನಿನಲ್ಲಿ ಕೇಳಿದಾಗ ಅವನ ಕಣ್ಣ ಮುಂದೆ ಬಂದದ್ದು ನರದ ಚಿತ್ರವಲ್ಲ. ಹಸಿರು ಪರದೆ. ಗೆರೆಯ ಮೇಲೆ ಯಾರೂ ತಡೆಯದೆ ಓಡುತ್ತಿದ್ದ ಇಲಿ. ಚಾಪೆಯ ಮೇಲೆ ಬಿದ್ದು ನಗುತ್ತಿದ್ದ ತಾನು.

“ಶುರು ಮಾಡು” ಎಂದ ಅಣ್ಣ. ಸೀಟಿ ಊದಿತು. ಅವನು ಚೆಂಡನ್ನು ನಡುವಿನಿಂದಲೇ ತಂದ. ನಡುವಿನಲ್ಲೇ ಪಾಸು, ನಡುವಿನಲ್ಲೇ ಓಟ. ಅಣ್ಣ ಚೆಂಡು ಕಿತ್ತುಕೊಂಡ, ಒಂದು ಗೋಲು ಹೊಡೆದ. ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು. ಮೊದಲಿನವನಂತೆ ಕುಣಿಯಲಿಲ್ಲ. ಮೂರನೆಯದಕ್ಕೆ ಮಾವ ಚೆಂಡನ್ನು ಬಿಟ್ಟುಕೊಟ್ಟಾಗ ಅಣ್ಣ ಕಂಟ್ರೋಲರನ್ನು ತೊಡೆಯ ಮೇಲಿಟ್ಟ. “ಏನೋ ಇದು?” “ಏನು?” “ಆಸ್ಪತ್ರೇಲಿ ಎಲ್ಲರೂ ಮೆತ್ತಗೆ ಮಾತಾಡ್ತಿದ್ರು. ಹೋಟೆಲಲ್ಲಿ ಮ್ಯಾನೇಜರು ಟೀ ತರಿಸಿಕೊಟ್ಟು, ಮನೇಲಿ ರೆಸ್ಟ್ ತಗೊಳ್ಳಿ ಅಂದ. ಬಾಯಿ ಮೂಸಿದ್ನಲ್ಲ, ಅವನೇ. ಇವಳು ಮೇಜಿಗೆ ಚಡ್ಡಿ ಹಾಕಿದ್ದಾಳೆ. ನೀನೊಬ್ಬ ಬಾಕಿ ಇದ್ದೆ.” “ಹಾಗಲ್ಲ ಅಣ್ಣ, ಅಭ್ಯಾಸ ತಪ್ಪಿದೆ...” “ನಿನ್ನ ಸುಳ್ಳು ನಂಗೆ ನೀನು ಚಡ್ಡಿ ಹಾಕೋ ಕಾಲದಿಂದ ಗೊತ್ತು. ಆಡೋದಾದ್ರೆ ಆಡು. ಇಲ್ದಿದ್ರೆ ಎದ್ದು ಹೋಗು.” ಅಡುಗೆಮನೆಯಲ್ಲಿ ಚಾಕುವಿನ ಸದ್ದು ನಿಂತಿತು.

ಅವನು ಇಲಿಗೆ ಪಾಸು ಕೊಟ್ಟ. ಕೈ ತಾನಾಗಿಯೇ ಕೊಟ್ಟಿತು. ಕುಳ್ಳ ಗೆರೆಯ ಮೇಲೆ ಹಾರಿದಂತೆ ಓಡಿದ, ರಕ್ಷಕರು ಎದುರಿನ ಖಾಲಿ ಜಾಗವನ್ನು ಕಾಯುತ್ತ ನಿಂತಿದ್ದರು, ತಿರುಗಿದ, ಒದ್ದ. ಬಲೆ ನಡುಗಿತು. ಅವನ ಗಂಟಲಿನಿಂದ ಕೇಕೆ ಬಂದುಬಿಟ್ಟಿತು. ತಡೆಯುವ ಮೊದಲೇ, ಅದೇ ಹಳೆಯ ಕೇಕೆ, ಹೊಟ್ಟೆಯ ಒಳಗಿನಿಂದ. “ಎಲ್ಲಿಂದ ಬಂದ್ನೋ ಬಡ್ಡೀಮಗ!” ಎಂದು ಅಣ್ಣ ನಕ್ಕ. ಅವನು ಮತ್ತೆ ಆಡಿದ. ಮತ್ತೆ ಎಡಕ್ಕೆ. ಇನ್ನೊಂದು. ಅಣ್ಣ ತಲೆಯನ್ನು ಎಡಕ್ಕೆ ಹೊರಳಿಸಿ ಹುಡುಕುತ್ತಿದ್ದ. ಹುಡುಕಿ ಸಿಗುವಷ್ಟರಲ್ಲಿ ಚೆಂಡು ಒಳಗೆ ಹೋಗಿರುತ್ತಿತ್ತು, ಅಷ್ಟರಲ್ಲಿ ಬಲಗಡೆ ಪೂರ್ತಿ ಬಿಟ್ಟುಹೋಗಿರುತ್ತಿತ್ತು. ಅವನಿಗೆ ಗೊತ್ತಿತ್ತು, ಪ್ರತಿಯೊಂದು ಓಟದಲ್ಲೂ ಆ ಸತ್ತ ನರದ ಆಕಾರವನ್ನೇ ತಾನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದೇನೆಂದು. ಗೊತ್ತಿದ್ದೂ ಖುಷಿ ನಿಲ್ಲಲಿಲ್ಲ. ದುಃಖ ಬಂದು ಅದನ್ನು ಆರಿಸೀತೆಂದು ಅವನು ಕಾದ; ಬಂತು, ಪಕ್ಕದಲ್ಲಿ ಕೂತಿತು, ಆರಿಸಲಿಲ್ಲ. ಮೈ ಬಿಸಿಯಾಗಿತ್ತು, ಹೆಬ್ಬೆರಳು ಹಗುರಾಗಿತ್ತು, ಕುಣಿಯಬೇಕೆನಿಸುತ್ತಿತ್ತು. ಇಷ್ಟು ದಿನ ತಾನು ಪಟ್ಟ ಪಶ್ಚಾತ್ತಾಪಕ್ಕೆ ಇದೇ ಬೆಲೆಯೆಂದು ಅವನಿಗೆ ಕಂಡಿತು. ಅಣ್ಣನಿಗೆ ಕಾಣದಿರುವುದು ತನಗೆ ಇನ್ನೂ ಸುಖ ಕೊಡುತ್ತಿದೆ.

ಐದನೆಯ ಗೋಲಿಗೆ ಅವನು ಆಟ ನಿಲ್ಲಿಸಿದ. “ಅಣ್ಣ” ಎಂದ. “ಆಸ್ಪತ್ರೇಲಿ ತೆಗೆದ ಚಿತ್ರ ನಾನು ನೋಡಿಲ್ಲ.” “ನೋಡಿ ಏನು ಮಾಡ್ತೀಯ? ಕಪ್ಪು ಮಸಿ ಚೆಲ್ಲಿದ ಹಾಗಿದೆ.” “ನಂಗೆ ತಿಳೀಬೇಕು. ಎಷ್ಟು ಹೋಗಿದೆ ಅಂತ.” ಅಣ್ಣ ಅವನ ಕಡೆಗೆ ಮುಖ ತಿರುಗಿಸಿದ, ಪೂರ್ತಿಯಾಗಿ, ಅವನನ್ನು ನೋಟದ ನಡುವಿಗೆ ತಂದುಕೊಳ್ಳಲು ಬೇಕಾದಷ್ಟು. ಆ ಕಣ್ಣುಗಳು ಹೊರಗಿನಿಂದ ಎಂದಿನಂತೆಯೇ ಇದ್ದವು, ಸ್ವಚ್ಛವಾಗಿ, ಸ್ವಲ್ಪ ತುಂಟವಾಗಿ. “ತಿಳೀಲೇಬೇಕಾ?” “ಹೂಂ.” “ಈಗ ನೋಡಿದ್ರೆ ನಿಂಗೆ ನಿದ್ದೆ ಬರುತ್ತಾ?” ಇದೇ ಹೊತ್ತು, ಈಗ ಹೇಳಿಬಿಡಬೇಕು ಎಂದು ಅವನು ಅಂದುಕೊಂಡ. “ಅವತ್ತು ಗಾಳಿ ಊದಿದಾಗ...” ಎಂದು ಶುರುಮಾಡಿದ. “ಹೇಗೆ ನೋಡ್ತೀಯ, ಬೇಗ ಹೇಳು” ಎಂದು ಅಣ್ಣ ನಡುವೆಯೇ ತಡೆದ, “ಇವಳು ಊಟಕ್ಕೆ ಕರೀತಾಳೆ.”

ಅವನು ಅಭ್ಯಾಸದ ಪಂದ್ಯ ಹಾಕಿದ. ಅದರಲ್ಲಿ ಎದುರಾಳಿಗಳಿಲ್ಲ, ಖಾಲಿ ಮೈದಾನ, ಒಬ್ಬನೇ ಆಟಗಾರ, ಇಲಿ. ಅಣ್ಣನ ಭುಜ ಹಿಡಿದು ಪರದೆಗೆ ನೇರವಾಗಿ ಕೂರಿಸಿದ. ಆ ಭುಜ ಇಷ್ಟು ಇಳಿದಿದೆಯೆಂದು ಮುಟ್ಟಿದಾಗಲೇ ತಿಳಿದದ್ದು. ಅಣ್ಣ ತನ್ನ ಕಂಟ್ರೋಲರನ್ನು ಪಕ್ಕಕ್ಕೆ, ಚಾಪೆಯ ಮೇಲೆ ಇಟ್ಟ. “ಮಧ್ಯದ ಚುಕ್ಕೀನೇ ನೋಡ್ತಿರು. ಕಣ್ಣು ಆಡಿಸಬೇಡ. ಅವನು ಅಂಚಿನಿಂದ ಒಳಗೆ ಬರ್ತಾನೆ. ಕಂಡ ತಕ್ಷಣ ಹೇಳು.” “ಆಯ್ತು ಡಾಕ್ಟ್ರೇ.” ಮೊದಲು ಬಲಗಡೆ. ಆಟಗಾರ ಬಲಗೆರೆಯಿಂದ ಹೊರಟು, ಮೈದಾನದ ಕಾಲುಭಾಗ ಬಂದಿದ್ದ. “ಈಗ” ಎಂದ ಅಣ್ಣ. ಅಷ್ಟೇನೂ ಕೆಟ್ಟದ್ದಲ್ಲ. ಅವನು ಉಸಿರು ಬಿಟ್ಟ. ಆಮೇಲೆ ಇಲಿಯನ್ನು ಎಡಗಡೆಗೆ ನಡೆಸಿಕೊಂಡು ಹೋಗಿ, ಗೆರೆಯ ಹೊರಗೆ, ಪರದೆಯ ತೀರ ಅಂಚಿನಲ್ಲಿ ನಿಲ್ಲಿಸಿದ. ಅಣ್ಣ ಕಣ್ಣು ಮಿಟುಕಿಸದೆ ಮಧ್ಯದ ಚುಕ್ಕಿಯನ್ನು ನೋಡುತ್ತಿದ್ದ. ಬಾಲ್ಯದಲ್ಲಿ ಯಾರು ಹೆಚ್ಚು ಹೊತ್ತು ಕಣ್ಣು ಮಿಟುಕಿಸದೆ ಇರುತ್ತಾರೆಂದು ಪಂಥ ಕಟ್ಟುವಾಗ ಇದ್ದ ಹಾಗೆ, ಕೆನ್ನೆ ಬಿಗಿದು. ಇವನ ಹೆಬ್ಬೆರಳು ಗುಂಡಿಯ ಮೇಲೆ ಇತ್ತು. ಒತ್ತಲು ಧೈರ್ಯ ಸಾಲಲಿಲ್ಲ. ಇಲಿ ಓಡಿಕೊಂಡು ಬಂದು, ಕಾಲುಭಾಗ ದಾಟಿ, ಅರ್ಧದ ಹತ್ತಿರ ಬಂದು, ನಡುವಿನ ವೃತ್ತವನ್ನು ತುಳಿದರೂ ಅಣ್ಣ ಸುಮ್ಮನೇ ಕೂತಿದ್ದರೆ? ಕೋಣೆಯಲ್ಲಿ ಆಟದ ಪ್ರೇಕ್ಷಕರ ಗುಜುಗುಜು ಸದ್ದು ಮಾತ್ರ ಇತ್ತು.

“ಈಗ” ಎಂದ ಅಣ್ಣ.

ಇಲಿ ಕದಲಿರಲಿಲ್ಲ. ಗೆರೆಯ ಹೊರಗೆ, ಬಿಟ್ಟ ಜಾಗದಲ್ಲೇ, ದಣಿದವನಂತೆ ಭುಜ ಏರಿಸಿ ಇಳಿಸುತ್ತ ನಿಂತಿದ್ದ.

“ಈಗ ಕಾಣ್ತಾನೆ. ಬಂದ ನೋಡು ಕುಳ್ಳ, ಓಡ್ಕೊಂಡು. ಪರವಾಗಿಲ್ಲ ಕಣೋ ಎಡಗಡೆ, ನಾವು ಅಂದ್ಕೊಂಡಷ್ಟು ಹೋಗಿಲ್ಲ. ಎಲ್ಲಿದ್ದಾನೆ? ತುಂಬ ಒಳಗೆ ಬಂದಿದ್ದಾನಾ?”

ಅವನು ಬಾಯಿ ತೆರೆದ. ಹೇಳಬೇಕಾಗಿದ್ದ ಮಾತು ನಾಲಿಗೆಯವರೆಗೆ ಬಂದಿತ್ತು. ಅಣ್ಣನ ಮುಖ ಪರದೆಯ ಕಡೆಗೇ ಇತ್ತು, ಕಾಯುತ್ತ, ಇದನ್ನು ತೆಗೆದುಕೋ ಎಂದು ಕೈ ಚಾಚಿದವರ ಮುಖದಂತೆ.

“ಇಲ್ಲ ಅಣ್ಣ” ಎಂದ. “ಅಂಚಲ್ಲೇ ಇದ್ದಾನೆ.”

“ಮತ್ತೆ? ಸುಮ್ನೆ ಹೆದರಿ ಸಾಯ್ತೀಯ ನೀನು. ಹಾಕು ಇನ್ನೊಂದು ಆಟ.” ಅಣ್ಣ ನಗುತ್ತ ತನ್ನ ಕಂಟ್ರೋಲರಿಗಾಗಿ ಎಡಗಡೆಯ ಚಾಪೆಯನ್ನು ತಡವತೊಡಗಿದ. ಅದು ಅವನ ಮೊಣಕಾಲಿಗೆ ಒಂದು ಗೇಣು ದೂರದಲ್ಲಿತ್ತು. ಕೈ ಅದರ ಮುಂದೆ ಹೋಯಿತು, ಹಿಂದೆ ಹೋಯಿತು, ಮತ್ತೆ ಮುಂದೆ ಹೋಯಿತು. ಇವನು ಸದ್ದಾಗದಂತೆ ಅದನ್ನು ಕಾಲಿನ ಬೆರಳಿನಿಂದ ಆ ಕೈಯ ದಾರಿಗೆ ತಳ್ಳಿದ.

“ಇಲ್ಲೇ ಇದೆಯಲ್ಲ” ಎಂದ ಅಣ್ಣ.